ಎಡಪಂಜದ ಮೂರನೆಯ ಉಗುರು

ಫೆಬ್ರವರಿ 11

ಅಪ್ಪ,

ನಿಮ್ಮ ಗುಹೆಕರಡಿಯ ಎಡಪಂಜದ ಮೂರನೆಯ ಉಗುರು ಎಲುಬಲ್ಲ, ಪ್ಲಾಸ್ಟರ್. ಹನ್ನೊಂದು ವರ್ಷದ ಹಿಂದೆ ಅದನ್ನು ಮಾಡಿ ಅಲ್ಲಿ ಕೂರಿಸಿದವಳು ನಾನು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮೊದಲ ಮಾತಿಗೇ ನೀವು ಮಧ್ಯೆ ಬಾಯಿ ಹಾಕುತ್ತೀರಿ, ಎರಡನೆಯದಕ್ಕೆ ನಾನು ಕಿರುಚುತ್ತೇನೆ, ಮೂರನೆಯದು ಯಾರಿಗೂ ಕೇಳುವುದಿಲ್ಲ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ, ತಪ್ಪು ಹುಡುಕುವುದಕ್ಕಾದರೂ.

ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಅಂಕಣ ಓದಿದೆ. 'ಬೆಂಕಿಗೂ ಮುಂಚೆ' ಸಿನಿಮಾಕ್ಕೆ ನೀವು ಕೊಟ್ಟ ತಲೆಬರಹ 'ಬೆಂಕಿಗೂ ಮುಂಚೆ, ಬುದ್ಧಿಗೂ ಮುಂಚೆ'. ಚೆನ್ನಾಗಿದೆ. ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಎಲ್ಲರೂ ನಕ್ಕರು, ಅಚ್ಚಣ್ಣನೊಬ್ಬ ನಗಲಿಲ್ಲ. ಅಚ್ಚಣ್ಣ ಅಂದರೆ ಆ ಶೆಡ್ಡಿನ ಯಜಮಾನ. ನಲವತ್ತು ವರ್ಷದಿಂದ ಸಿನಿಮಾಗಳಿಗೆ ಪ್ರಾಣಿಗಳ ಅಚ್ಚು ತೆಗೆಯುತ್ತಿದ್ದಾನೆ, ಅದಕ್ಕೇ ಆ ಹೆಸರು. ಆ ಸಿನಿಮಾದ ಕರಡಿ ಹುಟ್ಟಿದ್ದು ಅವನ ಶೆಡ್ಡಿನಲ್ಲಿ. ನೀವು ಗೇಲಿ ಮಾಡಿದ ಎಡಪಂಜ ಮಾಡಿದವಳು ನಾನು. ಜೇಡಿಮಣ್ಣಿನಲ್ಲಿ ತಿದ್ದಿ, ರಬ್ಬರಿನಲ್ಲಿ ಎರಕ ಹೊಯ್ದು, ಕೂದಲನ್ನು ಒಂದೊಂದಾಗಿ ಸೂಜಿಯಿಂದ ಚುಚ್ಚಿ ಕೂರಿಸಿದ್ದೇನೆ. ಆ ಒಂದು ಪಂಜಕ್ಕೆ ಏಳು ವಾರ ಹಿಡಿಯಿತು.

ನೀವು ಬರೆದಿದ್ದೀರಿ: 'ಈ ಕರಡಿಯ ಎಡಪಂಜದ ಮೂರನೆಯ ಉಗುರು ಹೊರಕ್ಕೆ ತಿರುಚಿಕೊಂಡಿದೆ. ಇಂಥ ಪ್ರಾಣಿ ನೆಲ ಕೆದಕಲಾರದು, ಒಂದು ಚಳಿಗಾಲವನ್ನೂ ದಾಟಲಾರದು. ಮಾಡಿದವರು ನಮ್ಮ ಸಂಗ್ರಹಾಲಯಕ್ಕೆ ಬಂದು ನಿಜವಾದ ಪಂಜ ಹೇಗಿರುತ್ತದೆಂದು ನೋಡಿ ಕಲಿಯಲಿ.'

ಅಪ್ಪ, ನಿಮ್ಮ ಸಂಗ್ರಹಾಲಯದಲ್ಲಿ ಇರುವುದೇ ನನ್ನ ಸುಳ್ಳು. ಸಿನಿಮಾದಲ್ಲಿ ಇರುವುದು ನಿಜ.

ಆ ಬೇಸಿಗೆ ನೆನಪಿದೆಯಲ್ಲ? ಕರಡಿಯ ಎಲುಬಿನ ಪೆಟ್ಟಿಗೆಗಳು ಸಂಗ್ರಹಾಲಯಕ್ಕೆ ಬಂದಿದ್ದವು. ನೀವು ದೊಡ್ಡ ಮೇಜಿನ ಮೇಲೆ ತಲೆಬುರುಡೆ ಇಟ್ಟುಕೊಂಡು ಕೂತಿರಿ. ನನಗೆ ಹದಿಮೂರು. ಕಿಟಕಿಯ ಪಕ್ಕದ ಸಣ್ಣ ಮೇಜು, ಒಂದು ಕುಂಚ, ಒಂದು ಸೂಜಿ, ಎಡಪಂಜದ ಪೆಟ್ಟಿಗೆ ಕೊಟ್ಟಿರಿ. 'ಎಲುಬಲ್ಲದ್ದೆಲ್ಲ ತೆಗಿ. ಎಡ ಬಲ ಎರಡೂ ಒಂದೇ ಥರ ಬರ್ಬೇಕು' ಅಂದಿರಿ. ಮೂರನೆಯ ಉಗುರಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು ಇತ್ತು. ಬಲಪಂಜದಲ್ಲಿ ಇರಲಿಲ್ಲ. ಹಾಗಾದರೆ ಇದು ಒಣಗಿದ ಮಣ್ಣೇ ಅಂದುಕೊಂಡು ಕೆರೆದೆ. ಅರ್ಧ ದಿನ ಕೆರೆದೆ. ಹೋಗಲಿಲ್ಲ. ಇನ್ನೂ ಒತ್ತಿದೆ. ಟಕ್ ಅಂತ ಮುರಿಯಿತು.

ಅದು ಮಣ್ಣಲ್ಲ. ಕರಡಿ ಬದುಕಿದ್ದಾಗಲೇ ಉಗುರು ಮುರಿದು, ಸೊಟ್ಟಗೆ ಕೂಡಿಕೊಂಡು, ಆ ಜಾಗದಲ್ಲಿ ಬೆಳೆದ ಗಂಟು. ಗಂಟು ಅಷ್ಟು ಗಟ್ಟಿಯಾಗಬೇಕಾದರೆ ಅದು ಆಮೇಲೆ ವರ್ಷಗಟ್ಟಲೆ ಬದುಕಿರಬೇಕು. ಇದು ನನಗೆ ಹೊಳೆದದ್ದು ತುಂಬ ತಡವಾಗಿ.

ಬಲಪಂಜದ ಉಗುರು ನೋಡಿಕೊಂಡು ಎಡಕ್ಕೆ ಪ್ಲಾಸ್ಟರಿನಲ್ಲಿ ಒಂದು ನೇರ ಉಗುರು ಮಾಡಿದೆ. ಚಹಾದ ಗಸಿ ಹಚ್ಚಿ ಬಣ್ಣ ಬರಿಸಿದೆ. ನೀವು ದೂರದಿಂದಲೇ ನೋಡಿ, 'ಭೇಷ್ ಸೂಜಿ' ಅಂದಿರಿ. ಅದಕ್ಕೂ ಮುಂಚೆ ನೀವು ನನಗೆ ಭೇಷ್ ಅಂದದ್ದಿಲ್ಲ, ಆಮೇಲೂ ಇಲ್ಲ.

ಕೇಳುವುದು ಇಷ್ಟೇ. ಅದೇ ಅಂಕಣದಲ್ಲಿ ಎರಡು ಸಾಲು: ಸಿನಿಮಾದ ಉಗುರು ಸರಿ, ನಮ್ಮದು ತಪ್ಪು. ಅಚ್ಚಣ್ಣನ ಹೆಸರು ಉಳಿಯುತ್ತದೆ. ನನ್ನ ಹೆಸರು ಬೇಕಾದರೆ ಹಾಕಿ.

ಸೂಜಿ

*

ಫೆಬ್ರವರಿ 19

ಮಗಳಿಗೆ,

ಕಾಗದ ತಲುಪಿತು. ನಾಲ್ಕು ಅಕ್ಷರದೋಷಗಳಿವೆ. ಹತ್ತನೇ ತರಗತಿಗೇ ಶಾಲೆಗೆ ಬೆನ್ನು ತೋರಿಸಿದವಳಿಗೆ ನಾಲ್ಕೇ ಎಂದರೆ ಕಡಿಮೆಯೇ.

ನಿನ್ನ ಕಥೆ ಚೆನ್ನಾಗಿದೆ. ಸಿನಿಮಾದವರ ಜೊತೆ ಐದು ವರ್ಷ ಇದ್ದರೆ ಕಥೆ ಕಟ್ಟುವುದು ಬರುತ್ತದೆ. ಮೂವತ್ತೊಂದು ವರ್ಷ ಎಲುಬು ಹಿಡಿದ ಕೈಗೆ ಪ್ಲಾಸ್ಟರ್ ಯಾವುದು ಎಂದು ತಿಳಿಯುವುದಿಲ್ಲವೆಂದು ನೀನು ನಂಬಿದ್ದೀಯಲ್ಲ, ಆ ಧೈರ್ಯಕ್ಕೆ ಮೆಚ್ಚಿದೆ.

ನಿಮ್ಮ ಸಿನಿಮಾದಲ್ಲಿ ಮನುಷ್ಯರು ಕರಡಿಯ ಮೇಲೆ ಸವಾರಿ ಮಾಡುತ್ತಾರೆ. ಹಿಮದ ನಡುವೆ ಕಲ್ಲಿನ ಗೋಪುರ ಕಟ್ಟುತ್ತಾರೆ. ಬೆಟ್ಟದಾಚೆಯವರಿಗೂ ಈಚೆಯವರಿಗೂ ಒಂದೇ ಭಾಷೆ. ಗುಹೆಯಲ್ಲಿ ಹುಟ್ಟಿದ ಹುಡುಗಿಯ ಹಲ್ಲು ಹಾಲಿನಂತೆ ಬಿಳಿ. ಇಷ್ಟೆಲ್ಲ ಸುಳ್ಳಿನ ನಡುವೆ ಒಂದು ಉಗುರು ಮಾತ್ರ ಸತ್ಯವಂತೆ, ಅದೂ ನೀನು ಮಾಡಿದ್ದಂತೆ. ನಗಲೋ ಅಳಲೋ?

ಹೊಸ ಸಭಾಂಗಣ ಏಪ್ರಿಲ್ ಇಪ್ಪತ್ತಾರಕ್ಕೆ ತೆರೆಯುತ್ತದೆ. ಕರಡಿ ನಡುಮಧ್ಯೆ ನಿಲ್ಲುತ್ತದೆ. ಅದರ ಬಗ್ಗೆ ನಾನು ಬರೆದ ಪುಸ್ತಕದ ಎರಡನೆಯ ಮುದ್ರಣವೂ ಅಂದೇ. 'ಎರಡು ಪಂಜಗಳೂ ಸರಿಸಮ, ಎಲ್ಲಿಯೂ ಊನವಿಲ್ಲ' ಎಂಬ ಸಾಲನ್ನು ಫಲಕದಲ್ಲಿ ಕೊರೆಸಿಯೂ ಆಗಿದೆ. ಈ ಸಮಯಕ್ಕೇ ನಿನಗೆ ಸತ್ಯ ಉಕ್ಕಿ ಬಂದಿದೆ. ಹೊಟ್ಟೆಯುರಿ ಎಂದರೆ ಇದೇ.

ನಿನ್ನ ತಂದೆ

*

ಮಾರ್ಚ್ 4

ಅಪ್ಪ,

ಮೊದಲು ಸಿನಿಮಾದ ಮಾತು ಮುಗಿಸುತ್ತೇನೆ.

ಅದು ಒಳ್ಳೆಯ ಸಿನಿಮಾ ಅಂತ ನಾನು ಹೇಳುವುದಿಲ್ಲ. ಕುಲದ ಮುದುಕ ಸಾಯುವುದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ. ಕೊನೆಯ ಹಾಡಿಗೆ ನಾನೂ ಎದ್ದು ಹೊರಗೆ ಹೋದೆ. ಬೈಯುವುದಾದರೆ ಅದನ್ನು ಬೈಯಿರಿ. ನೀವು ಬೈದದ್ದು ಅದನ್ನಲ್ಲ. ಹಲ್ಲು ಯಾಕೆ ಬಿಳಿ ಅಂದಿರಿ. ಗುಹೆಯವರು ಮಾತಾಡಿದ್ದನ್ನು ಯಾರೂ ಬರೆದಿಟ್ಟಿಲ್ಲ, ಅವರು ನಮ್ಮ ಹಾಗೆ ಮಾತಾಡದಿದ್ದರೆ ನಮಗೆ ಏನು ಅರ್ಥವಾಗಬೇಕು? ಎರಡು ಗಂಟೆ ಗುರ್ ಗುರ್ ಅನ್ನಿಸಬೇಕಿತ್ತೇ? ಕರಡಿ ಸವಾರಿ ಸುಳ್ಳು, ಗೋಪುರವೂ ಸುಳ್ಳು. ಅದನ್ನು ಶುರುವಿನಲ್ಲೇ ತೆರೆಯ ಮೇಲೆ ಬರೆದಿದ್ದಾರೆ, 'ಇದು ಯಾವ ಕಾಲದಲ್ಲೂ ನಡೆದದ್ದಲ್ಲ' ಅಂತ. ನಾವು ಮೊದಲೇ ಹೇಳಿ ಸುಳ್ಳು ತೋರಿಸುತ್ತೇವೆ. ನೀವು ಸುಳ್ಳನ್ನು ಗಾಜಿನೊಳಗಿಟ್ಟು ಫಲಕ ಹಾಕುತ್ತೀರಿ.

ನಾನು ಅದನ್ನು ಮೂರು ಸಲ ಟಾಕೀಸಿನಲ್ಲಿ ನೋಡಿದೆ, ತೆರೆ ನೋಡಲಿಕ್ಕಲ್ಲ, ಜನರನ್ನು ನೋಡಲಿಕ್ಕೆ. ಹುಡುಗಿ ಹಿಮದಲ್ಲಿ ತನ್ನ ಕರಡಿಯ ಹೆಜ್ಜೆ ಗುರುತು ಹುಡುಕುತ್ತಾಳಲ್ಲ, ನೂರು ಕರಡಿಗಳು ನಡೆದ ದಾರಿಯಲ್ಲಿ? ಸೊಟ್ಟ ಉಗುರಿನ ಗುರುತು ಕಂಡ ಕೂಡಲೇ ನನ್ನ ಹಿಂದೆ ಕೂತ ಮಗು, 'ಅದೇ! ಅದೇ! ಅವಳದ್ದೇ!' ಅಂತ ಚೀರಿತು. ಕರಡಿ ಹಿಮದ ಬಿರುಕಿಗೆ ಬಿದ್ದಾಗ ಒಬ್ಬ ಗಂಡಸು, ಮೀಸೆ ಬಿಟ್ಟವನು, 'ಏಳೋ, ಏಳು, ಎದ್ದೇಳು' ಅಂತ ಮುಂದಿನ ಕುರ್ಚಿಯನ್ನು ಗುದ್ದುತ್ತಿದ್ದ. ನಿಮ್ಮ ಸಂಗ್ರಹಾಲಯದಲ್ಲಿ ಅದೇ ಕರಡಿಯ ಮುಂದೆ ಶಾಲೆಯ ಮಕ್ಕಳು ಸಾಲಾಗಿ ನಿಂತು ಆಕಳಿಸುವುದನ್ನು ನಾನು ಮೂರು ವರ್ಷ ನೋಡಿದ್ದೇನೆ. ಊನವಿಲ್ಲದ ಪ್ರಾಣಿಯ ಗುರುತು ಯಾರಿಗೆ ಸಿಗುತ್ತದೆ?

ಇನ್ನು ಅಚ್ಚಣ್ಣನ ಸಂಗತಿ. ಶೂಟಿಂಗಿಗೆ ಮುಂಚೆ ಡೈರೆಕ್ಟರು ಉಗುರು ನೇರ ಮಾಡಿ ಅಂದಿದ್ದರು. ಅಚ್ಚಣ್ಣ ಒಪ್ಪಲಿಲ್ಲ. 'ನಮ್ಮ ಹುಡುಗಿ ಕಣ್ಣಾರೆ ಕಂಡಿದಾಳೆ ಸಾರ್, ಅವರಪ್ಪನ ಮ್ಯೂಸಿಯಮ್ಮಲ್ಲೇ ಇದೆಯಂತೆ. ಅವಳು ಸುಳ್ಳು ಹೇಳಲ್ಲ' ಅಂದ. ನಾನು ಅವನಿಗೆ ಹೇಳಿದ್ದು ಇಷ್ಟೇ: ಅಪ್ಪನ ಕರಡಿಯಲ್ಲಿ ನೋಡಿದ್ದೇನೆ. ಉಳಿದದ್ದನ್ನು ನುಂಗಿಕೊಂಡಿದ್ದೆ.

ನಿಮ್ಮ ಅಂಕಣ ಬಂದ ಮೇಲೆ ಅವನು ಶೆಡ್ಡಿಗೆ ರಜೆ ಕೊಟ್ಟು, ಒಂದು ದಿನದ ದಾರಿ ಬಂದು, ಟಿಕೆಟ್ ಕೊಂಡು, ನಿಮ್ಮ ಕರಡಿಯ ಮುಂದೆ ಮಂಡಿಯೂರಿ ನೋಡಿದ್ದಾನೆ. ನೇರ ಉಗುರು. ವಾಪಸ್ ಬಂದವನು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಎಲ್ಲರೂ ಕೈತೊಳೆಯುವ ತೊಟ್ಟಿಯ ಹತ್ತಿರ ಇದ್ದಾಗ ಬಂದು, 'ನಲವತ್ತು ವರ್ಷದಲ್ಲಿ ಯಾರ ಮುಂದೇನೂ ಬಾಯಿ ಮುಚ್ಚಿ ನಿಂತಿರ್ಲಿಲ್ಲ ಕಣೇ. ನಿನ್ನ ಮಾತು ನಂಬಿ ನಿಂತೆ' ಅಂದ. ಅಷ್ಟೇ.

ಎರಡು ಸಾಲು, ಅಪ್ಪ. ಕೇಳಿಕೊಳ್ಳುತ್ತಿದ್ದೇನೆ. ನಾನು ಕೇಳಿಕೊಳ್ಳುವವಳಲ್ಲ, ನಿಮಗೆ ಗೊತ್ತು.

ಸೂಜಿ

*

ಮಾರ್ಚ್ 15

ಮಗಳಿಗೆ,

ಸರಿ. ನೀನು ಬಿಡುವವಳಲ್ಲ, ಹಾಗಾಗಿ ಹೇಳುತ್ತೇನೆ. ಅದು ಪ್ಲಾಸ್ಟರ್ ಎಂದು ನನಗೆ ಮೊದಲ ವಾರದಿಂದಲೂ ಗೊತ್ತು.

ಎಲುಬಿಗೆ ಒಂದು ತೂಕವಿದೆ. ಪಂಜಕ್ಕೆ ತಂತಿ ಪೋಣಿಸುವಾಗ ಉಗುರನ್ನು ಅಂಗೈಯಲ್ಲಿಟ್ಟ ಕ್ಷಣವೇ ತಿಳಿಯಿತು. ಆದರೂ ಸುಮ್ಮನಿದ್ದೆ. ನೀನೇ ಬಂದು ಹೇಳುತ್ತೀಯೆಂದು ಕಾದೆ. ಒಂದು ದಿನ, ಒಂದು ತಿಂಗಳು, ಒಂದು ವರ್ಷ. ಆಮೇಲೆ ಪುಸ್ತಕ ಬರೆದೆ. 'ಎರಡು ಪಂಜಗಳೂ ಸರಿಸಮ' ಎಂದು ಬರೆಯುವಾಗ ನಿನ್ನ ಮುಖ ನೋಡಿದೆ. ನೀನು ಅನ್ನ ಕಲಸುತ್ತಾ ಕೂತಿದ್ದೆ. ಅಂದೇ ತಿಳಿದುಕೊಂಡೆ, ಇವಳಿಗೆ ಓದು ಹತ್ತುವುದಿಲ್ಲ, ಯಾಕೆಂದರೆ ಓದಿಗೆ ಮೊದಲು ಬೇಕಾದ್ದು ಪ್ರಾಮಾಣಿಕತೆ.

ಹೀಗೆ ಹನ್ನೊಂದು ವರ್ಷ ನಿನ್ನ ತಪ್ಪನ್ನು ನಾನು ಹೊತ್ತೆ. ಈಗ ನೀನು ಬಂದು ನನ್ನನ್ನು ಸುಳ್ಳುಗಾರ ಎನ್ನುತ್ತೀಯ.

ಇನ್ನೊಂದು ವಿಷಯ ಬೇರೆಯವರಿಂದ ತಿಳಿಯುವ ಮೊದಲು ನಾನೇ ತಿಳಿಸುತ್ತೇನೆ. ಸಿನಿಮಾದ ಎರಡನೆಯ ಭಾಗಕ್ಕೆ ನಿರ್ಮಾಪಕರು ನನ್ನನ್ನು ಸಲಹೆಗಾರನಾಗಿ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಕರಡಿಯನ್ನು ಈ ಸಲ ಬೇರೆ ಕಾರ್ಯಾಗಾರದವರು ಮಾಡುತ್ತಾರೆ. ಉಗುರು ನೇರವಾಗಿರುತ್ತದೆ.

ನಿನ್ನ ತಂದೆ

(ಕೆಳಗೆ ಬೇರೆ ಕೈಬರಹದಲ್ಲಿ:) ಪುಟ್ಟೀ, ಇವರು ಊಟಕ್ಕೆ ಕೂರೋದು ಬಿಟ್ಟಿದಾರೆ, ತಟ್ಟೆ ಮುಂದೆ ನಿಂತು ಎರಡು ತುತ್ತು ತಿಂದು ಹೋಗ್ತಾರೆ. ನೀನೂ ಅವರ ಮಗಳೇ, ನಾನು ಯಾರಿಗೆ ಹೇಳಲಿ? ಯಾರಾದ್ರೂ ಒಬ್ಬರು ಸೋಲಿ. ಅಮ್ಮ.

*

ಮಾರ್ಚ್ 22

ಅಪ್ಪ,

ನೀವು ಎಲುಬಿನ ವಿಷಯದಲ್ಲಿ ತಪ್ಪಬಹುದು ಅಂತ ಗೊತ್ತಿತ್ತು. ಸುಳ್ಳು ಹೇಳುತ್ತೀರಿ ಅಂತ ಗೊತ್ತಿರಲಿಲ್ಲ.

ನೀವು ಆ ಉಗುರನ್ನು ಅಂಗೈಯಲ್ಲಿಟ್ಟೇ ಇಲ್ಲ. ಎಡಪಂಜಕ್ಕೆ ತಂತಿ ಪೋಣಿಸಿದವಳು ನಾನು. ಆ ವಾರ ನಿಮ್ಮ ಬಲಗೈ ಹೆಬ್ಬೆರಳಿಗೆ ಗರಗಸ ತಾಗಿ ಪಟ್ಟಿ ಕಟ್ಟಿತ್ತು. 'ನಿನ್ನ ಬೆರಳು ಸಣ್ಣ, ನೀನೇ ಹಾಕು' ಅಂದಿರಿ. ತಂತಿಯ ತುದಿಗಳನ್ನು ನೀವು ಯಾವತ್ತೂ ಬಲಕ್ಕೆ ತಿರುಚುತ್ತೀರಿ. ನಾನು ಎಡಗೈಯವಳು, ಎಡಕ್ಕೆ ತಿರುಚಿದ್ದೇನೆ. ಈಗಲೇ ಹೋಗಿ ಬ್ಯಾಟರಿ ಬಿಟ್ಟು ನೋಡಿ. ಇಡೀ ಕರಡಿಯಲ್ಲಿ ಆ ಐದು ಉಗುರಿನ ತಂತಿ ಮಾತ್ರ ಎಡಕ್ಕೆ ತಿರುಗಿದೆ.

ಹಾಗಾಗಿ ನೀವು ಕಾಯಲಿಲ್ಲ, ಏನನ್ನೂ ಹೊರಲಿಲ್ಲ. ಹನ್ನೊಂದು ವರ್ಷ ಅದರ ಮುಂದೆ ನಿಂತು ಭಾಷಣ ಮಾಡಿದಿರಿ, ಪುಸ್ತಕ ಬರೆದಿರಿ, ಒಂದು ಸಲವೂ ಬಗ್ಗಿ ನೋಡಲಿಲ್ಲ. ನಾನು ಮಾಡಿದ ಕೆಲಸ ಸರಿಯಿದೆಯೋ ಇಲ್ಲವೋ ಅಂತ ನೀವು ನೋಡದೇ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ. ನನ್ನ ಮಗ್ಗಿ ನೋಡಿದಿರಿ, ಉಗುರಿನ ಕೊಳೆ ನೋಡಿದಿರಿ, ಚಪ್ಪಲಿ ಬಿಟ್ಟ ರೀತಿ ನೋಡಿದಿರಿ. ಅದನ್ನು ಮಾತ್ರ ನಂಬಿಬಿಟ್ಟಿರಿ. ಆ ನಂಬಿಕೆಗೆ ನಾನು ಏನು ಮಾಡಿದೆ ಅನ್ನುವುದು ನನ್ನನ್ನು ತಿನ್ನುತ್ತಿತ್ತು. ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಎಲ್ಲರನ್ನೂ ಅಲ್ಲಿಗೆ ಕರೆತಂದು, 'ನೋಡಿ, ಇವರಪ್ಪ ಜೋಡಿಸಿದ್ದು, ಕೂದಲೆಳೆಯಷ್ಟೂ ತಪ್ಪಿಲ್ಲ' ಅಂದರು. ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಕಾರಣ ಕೇಳಿ ಕೇಳಿ ನೀವು ಬೆಲ್ಟು ಬಿಚ್ಚಿದಿರಿ, ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ.

ಮುರಿದ ಉಗುರು ನನ್ನ ಹತ್ತಿರ ಇದೆ. ಬೆಂಕಿಪೊಟ್ಟಣದಲ್ಲಿ, ಹತ್ತಿಯಲ್ಲಿ, ಎರಡು ತುಂಡಾಗಿ, ಗಂಟಿನ ಸಮೇತ. ಅದನ್ನು ನೋಡಿಕೊಂಡೇ ಸಿನಿಮಾದ ಪಂಜ ಮಾಡಿದ್ದು. ಅಚ್ಚಣ್ಣನಿಗೆ ಅಂದೇ ತೋರಿಸಬಹುದಿತ್ತು. ತೋರಿಸಿದರೆ ನಿಮ್ಮ ಮಾನ ಹೋಗುತ್ತದೆ, ಮೊದಲು ನಿಮಗೇ ಅವಕಾಶ ಕೊಡೋಣ ಅಂತ ಕಾದೆ. ಅಷ್ಟರಲ್ಲಿ ಅವನ ಕೈಯಿಂದ ಕರಡಿ ಹೋಯಿತು. ಹೋದದ್ದು ನಿಮ್ಮ ಕೈಗೆ.

ಅಮ್ಮನಿಗೆ ಹೇಳಿ, ಈ ಸಲ ನಾನು ಸೋಲುವುದಿಲ್ಲ.

ಸೂಜಿ

*

ಏಪ್ರಿಲ್ 9

ಮಗಳಿಗೆ,

ತಂತಿ ನೋಡಿದೆ.

ಈಗ ಕೆಲಸದ ಮಾತು. ಬೆಂಕಿಪೊಟ್ಟಣವನ್ನು ಯಾರಿಗೂ ತೋರಿಸಬೇಡ. ಅಂಕಣದಲ್ಲಿ ಎರಡು ಸಾಲು ಬರೆಯುತ್ತೇನೆ, ನಿನ್ನ ಯಜಮಾನನ ಉಗುರು ಸರಿಯೆಂದು. ನಿರ್ಮಾಪಕರಿಗೂ ಹೇಳುತ್ತೇನೆ, ಕರಡಿ ಅವನಿಗೇ ವಾಪಸ್ ಸಿಗುತ್ತದೆ. ನೀನು ಕೇಳಿದ್ದು ಇದೇ ತಾನೆ?

ಅದಕ್ಕೆ ಬದಲಾಗಿ ಇದರ ಜೊತೆಗಿರುವ ಹಾಳೆಗೆ ಸಹಿ ಹಾಕಿ ಕಳಿಸು. ನಿನಗೆ ಕಷ್ಟವಾಗಬಾರದೆಂದು ನಾನೇ ಬರೆದಿದ್ದೇನೆ:

'ನಾನು ಶಾಲೆ ಬಿಟ್ಟ ಮೇಲೆ, ಸಿನಿಮಾ ಕೆಲಸಕ್ಕೆ ಬೇಕೆಂದು, ಸಂಗ್ರಹಾಲಯದ ಕರಡಿಯ ಒಂದು ಉಗುರನ್ನು ಕದ್ದೆ. ಅದರ ಜಾಗದಲ್ಲಿ ನಕಲು ಇಟ್ಟೆ. ಕದ್ದ ಉಗುರನ್ನು ಕೈಯಾರೆ ಮುರಿದೆ. ನನ್ನ ತಂದೆಗೆ ಇದರ ಅರಿವಿರಲಿಲ್ಲ.'

ಯೋಚಿಸು. ಮಗು ಮುರಿಯಿತು ಎಂದರೆ ಮಗುವಿನ ಕೈಗೆ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಮೂವತ್ತೊಂದು ವರ್ಷ ಒಂದೇ ಪ್ರಶ್ನೆಗೆ ಕೊಚ್ಚಿಹೋಗುತ್ತದೆ. ಕದ್ದಳು ಎಂದರೆ ಯಾರೂ ಏನೂ ಕೇಳುವುದಿಲ್ಲ. ನಿನಗೆ ಹೋಗುವುದಕ್ಕೆ ಹೆಸರಾದರೂ ಎಲ್ಲಿದೆ? ಪೊಲೀಸರವರೆಗೆ ಹೋಗದಂತೆ ನೋಡಿಕೊಳ್ಳುತ್ತೇನೆ.

ನಿನ್ನ ತಂದೆ

*

ಏಪ್ರಿಲ್ 20

ಅಪ್ಪ,

ನಿಮ್ಮ ಹಾಳೆಯನ್ನು ತಿದ್ದಿ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಕೆಂಪು ಶಾಯಿಯಲ್ಲಿ, ನೀವು ನನ್ನ ಕಾಪಿ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೆ.

'ಶಾಲೆ ಬಿಟ್ಟ ಮೇಲೆ' ತಪ್ಪು, ಬಿಡುವ ಮೂರು ವರ್ಷ ಮುಂಚೆ. 'ಸಿನಿಮಾ ಕೆಲಸಕ್ಕೆ ಬೇಕೆಂದು' ತಪ್ಪು, ನೀವು ಹೇಳಿದ ಕೆಲಸ ಮಾಡುವಾಗ. 'ಕದ್ದೆ' ತಪ್ಪು, ನೀವೇ ಪೆಟ್ಟಿಗೆ ತೆಗೆದು ಕೊಟ್ಟಿರಿ. 'ನಕಲು ಇಟ್ಟೆ', 'ಮುರಿದೆ' ಎರಡೂ ಸರಿ, ಹಿಂದುಮುಂದಾಗಿದೆ. ಕೊನೆಯ ವಾಕ್ಯ, 'ನನ್ನ ತಂದೆಗೆ ಇದರ ಅರಿವಿರಲಿಲ್ಲ', ಪೂರ್ತಿ ಸರಿ. ಅದರ ಪಕ್ಕ ದೊಡ್ಡದಾಗಿ ಸರಿ ಗುರುತು ಹಾಕಿದ್ದೇನೆ.

ಒಂದು ವಾರ ಆ ಹಾಳೆ ನನ್ನ ಚಾಪೆಯ ಕೆಳಗಿತ್ತು. ಸಹಿ ಹಾಕೋಣ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಚ್ಚಣ್ಣನಿಗೆ ಕರಡಿ ಸಿಗುತ್ತಿತ್ತು. ಎರಡು ಸಲ ಪೆನ್ನು ಹಿಡಿದೆ. ಆಮೇಲೆ ಅವನ ಹತ್ತಿರ ಹೋಗಿ ಹಾಳೆ, ಬೆಂಕಿಪೊಟ್ಟಣ ಎರಡನ್ನೂ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಅವನು ಹಾಳೆ ಓದಿ ಪಕ್ಕಕ್ಕಿಟ್ಟ. ಉಗುರಿನ ತುಂಡುಗಳನ್ನು ಹತ್ತಿಯ ಸಮೇತ ಎತ್ತಿ, ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದ. ಗಂಟಿನ ಮೇಲೆ ಬೆರಳಾಡಿಸಿದ. 'ಬದುಕಿತ್ತು ಕಣೇ ಇದು. ಈ ಕಾಲಿಟ್ಟುಕೊಂಡೇ ಬದುಕಿತ್ತು' ಅಂದ. ಅಲ್ಲೇ ಕೂತು ಎರಡು ತುಂಡಿಗೂ ಅಚ್ಚು ತೆಗೆದ. ನಾನು ಹೋಗಿ ಪ್ಲಾಸ್ಟರ್ ಕಲಸಿಕೊಟ್ಟೆ. ಎಲ್ಲ ಸರಿಹೋಯಿತು ಅಂದುಕೊಂಡೆ.

ಅಚ್ಚು ಒಣಗಿದ ಮೇಲೆ ತುಂಡುಗಳನ್ನು ಮೊದಲಿನ ಹಾಗೆಯೇ ಪೊಟ್ಟಣದಲ್ಲಿಟ್ಟು ಕೈಗೆ ಕೊಟ್ಟ. 'ನಿಜ ಹೇಳಿದೀಯ, ಸರಿ. ಡೈರೆಕ್ಟರ ಮುಂದೆ ನಾನು ಎದೆ ತಟ್ಕೊಂಡು ನಿಂತ ದಿನ ಹೇಳಿದ್ರೆ ನನ್ನ ಹತ್ರ ಮಾತಿರ್ತಿತ್ತು. ನೀನು ನಿಮ್ಮಪ್ಪನ ಮಾನಕ್ಕೆ ನನ್ನ ಮಾನ ಅಡ ಇಟ್ಟೆ. ಅದನ್ನ ನಾನು ಮರೆಯಲ್ಲ' ಅಂದ. ನಾನು, 'ಸಹಿ ಹಾಕ್ಲಾ ಅಚ್ಚಣ್ಣ? ಹಾಕಿದ್ರೆ ಕರಡಿ ವಾಪಸ್ ಬರುತ್ತೆ' ಅಂದೆ. 'ನಿನ್ನನ್ನ ಕಳ್ಳಿ ಅಂತ ಬರೆಸಿಕೊಂಡು ಬಂದ ಕರಡಿ ನನ್ನ ಶೆಡ್ಡಲ್ಲಿ ನಿಲ್ಲಲ್ಲ. ಚೀಲ ಕಟ್ಟು' ಅಂದ. ನನ್ನ ಸೂಜಿಗಳ ಡಬ್ಬಿಯನ್ನು ಅವನೇ ಒರೆಸಿ ಚೀಲದ ಮೇಲಿಟ್ಟ. ಬಾಗಿಲವರೆಗೆ ಬರಲಿಲ್ಲ.

ಹೀಗೆ ನಿಮ್ಮ ಲೆಕ್ಕದ ಪ್ರಕಾರ ಹೋಗುವುದಕ್ಕೆ ನನಗೆ ಹೆಸರಿಲ್ಲ. ಇದ್ದದ್ದೊಂದು ಜಾಗ, ಅದೂ ಹೋಯಿತು.

ನಿಮ್ಮ ಸಂಗ್ರಹಾಲಯದ ಮುಖ್ಯಸ್ಥೆಗೆ ನಿನ್ನೆ ಕಾಗದ ಹಾಕಿದ್ದೇನೆ. ಪೆಟ್ಟಿಗೆ, ಸೂಜಿ, ಗಂಟು, ಚಹಾದ ಗಸಿ, ಎಡಕ್ಕೆ ತಿರುಗಿದ ತಂತಿ, ಎಲ್ಲ ಬರೆದಿದ್ದೇನೆ. ನಿಮ್ಮ ಹೆಬ್ಬೆರಳಿಗೆ ಪಟ್ಟಿ ಇದ್ದದ್ದನ್ನೂ ಬರೆದಿದ್ದೇನೆ, ಅದು ನಿಮ್ಮ ಪರವಾಗಿ ಇರುವ ಸಂಗತಿ. ನಿಮ್ಮ ಹಾಳೆಯ ಬಗ್ಗೆ ಬರೆದಿಲ್ಲ. ಕೇಳಿದರೆ ಹೇಳುತ್ತೇನೆ. ಸಭಾಂಗಣ ತೆರೆಯುವ ದಿನ ಅವರ ಎದುರಿಗೇ ಉಗುರು ಕೊಡುತ್ತೇನೆ ಅಂತ ತಿಳಿಸಿದ್ದೇನೆ. ಪ್ಲಾಸ್ಟರ್ ಕಿತ್ತು ಸೊಟ್ಟ ಉಗುರು ಕೂರಿಸಬೇಕಾದರೆ ಅವರಿಗೆ ಸಣ್ಣ ಬೆರಳು ಬೇಕಾಗುತ್ತದೆ. ಫಲಕ ಹೊಸದಾಗಿ ಕೊರೆಸಬೇಕಾಗುತ್ತದೆ.

ಇದನ್ನೆಲ್ಲ ಸತ್ಯಕ್ಕಾಗಿ ಮಾಡುತ್ತಿದ್ದೇನೆ ಅಂತ ಬರೆದರೆ ಅದರ ಪಕ್ಕ ನಾನೇ ಕೆಂಪು ಗೆರೆ ಎಳೆಯಬೇಕು. ಅರ್ಧ ಮಾತ್ರ ಸತ್ಯಕ್ಕಾಗಿ. ಇನ್ನರ್ಧ, ನೀವು ಎಲ್ಲರ ಎದುರಿಗೆ ಬಗ್ಗಿ ಆ ಪಂಜ ನೋಡುವಾಗ ನಿಮ್ಮ ಮುಖ ನೋಡಬೇಕು, ಅದಕ್ಕೆ.

ಅಮ್ಮನಿಗೆ ನನ್ನ ಹಾಸಿಗೆ ಹಾಸುವುದು ಬೇಡ ಅಂತ ಹೇಳಿ. ನಿಲ್ದಾಣದ ಹತ್ತಿರ ಕೋಣೆ ನೋಡಿದ್ದೇನೆ.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತಿದ್ದೇನೆ.

ಸೂಜಿ